ಮೈದಾನದಾಚೆಯ ಬಾಜಿ: ಬ್ರಿಟನ್ನಿನ ಪರವಾನಗಿ ನಿಯಮ ಸಾಗಿ ಬಂದ ದಾರಿ

ಕುದುರೆ ಓಡುವ ಮೈದಾನದಿಂದ ಬಹುದೂರದ ಬೀದಿಯೊಂದರಲ್ಲಿ ಅದೇ ಓಟಕ್ಕೆ ಬಾಜಿ ಕಟ್ಟಿಸಿಕೊಳ್ಳುವ ಅಂಗಡಿಗೆ ಪರವಾನಗಿ ಕೊಡಬೇಕೆ, ಕೊಡುವುದಾದರೆ ಯಾರಿಗೆ, ಒಂದು ಊರಿಗೆ ಎಷ್ಟು ಎಂಬ ಪ್ರಶ್ನೆಗಳೊಡನೆ ಬ್ರಿಟನ್ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹೆಣಗಿದೆ. ಈ ಮೂರರಲ್ಲಿ ‘ಎಷ್ಟು’ ಎಂಬುದೇ ತೂಕದ ಪ್ರಶ್ನೆ ಎಂದು ಈ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನವರಿಕೆಯಾಗಿದೆ.

ನಗದು ಬಾಜಿಗಾಗಿ ಮನೆ, ಕಚೇರಿ ಅಥವಾ ಕೋಣೆ ಇಟ್ಟುಕೊಳ್ಳುವುದನ್ನು 1853ರ ಕಾಯ್ದೆ ನಿಷೇಧಿಸಿತು. ಬುಕ್ಕಿಗಳು ಬೀದಿಗಿಳಿದರು, 1906ರ ಇನ್ನೊಂದು ಕಾಯ್ದೆ ಬೀದಿಯ ಬಾಜಿಯನ್ನೂ ಅಪರಾಧವಾಗಿಸಿತು. ಆದರೆ ಬುಕ್ಕಿಯ ಬಳಿ ಸಾಲದ ಖಾತೆ ಇಟ್ಟುಕೊಂಡು ಟೆಲಿಫೋನಿನಲ್ಲಿ ಬಾಜಿ ಕಟ್ಟುವವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಉಳ್ಳವನ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆ, ದುಡಿಯುವವನ ಚಿಲ್ಲರೆ ಕಾಸಿಗೆ ಪೊಲೀಸರ ಕಾವಲು ಎಂಬ ಈ ತಾರತಮ್ಯ ಅರ್ಧ ಶತಮಾನಕ್ಕೂ ಮೀರಿ ಉಳಿದದ್ದು ಅನ್ಯಾಯವೇ ಸರಿ.

ನಿಷೇಧದಿಂದ ಬಾಜಿ ನಿಲ್ಲಲಿಲ್ಲ. ಬುಕ್ಕಿಯ ಆಳುಗಳು ಕಾರ್ಖಾನೆಯ ಬಾಗಿಲಲ್ಲಿ, ಪಬ್ಬಿನ ಮೂಲೆಯಲ್ಲಿ ನಿಂತು ಚೀಟಿ ಮತ್ತು ಹಣ ಕೂಡಿಸುತ್ತಿದ್ದರು. ಸಿಕ್ಕಿಬಿದ್ದರೂ ಗುರುತು ಹತ್ತದಿರಲೆಂದು ಚೀಟಿಯಲ್ಲಿ ಅಡ್ಡಹೆಸರು ಬರೆಯುವ ರೂಢಿಯಿತ್ತು. ಕೂಡಿಸಿದ್ದೆಲ್ಲ ಒಂದು ಚೀಲಕ್ಕೆ ಹೋಗುತ್ತಿತ್ತು. ಅದರ ಬಾಯಿಗೆ ಗಡಿಯಾರವಿದ್ದ ಬೀಗ. ಬೀಗ ಹಾಕಿದ ಗಳಿಗೆ ಅದರಲ್ಲೇ ದಾಖಲಾಗುತ್ತಿದ್ದುದರಿಂದ, ಓಟ ಮುಗಿದ ಮೇಲೆ ಗೆದ್ದ ಕುದುರೆಯ ಹೆಸರು ಬರೆದು ಚೀಟಿ ತುರುಕಲು ಯಾರಿಗೂ ಸಾಧ್ಯವಿರಲಿಲ್ಲ. ಸರ್ಕಾರ ನಿಯಮ ಮಾಡದಿದ್ದ ಕಡೆ ದಂಧೆಯವರೇ ತಮ್ಮ ನಿಯಮ ಕಟ್ಟಿಕೊಂಡಿದ್ದರು.

ನೆರೆಯ ಐರ್ಲೆಂಡ್ 1926ರಲ್ಲೇ ಬಾಜಿ ಅಂಗಡಿಗಳಿಗೆ ಪರವಾನಗಿ ಕೊಟ್ಟಿತ್ತು. ಬ್ರಿಟನ್ ಆ ಹೆಜ್ಜೆ ಇಡಲು ರಾಜ ಆಯೋಗವೊಂದು 1951ರಲ್ಲಿ ಶಿಫಾರಸು ಮಾಡಬೇಕಾಯಿತು. ಆಮೇಲೂ ಒಂಬತ್ತು ವರ್ಷ ಕಳೆದು, ಆರ್. ಎ. ಬಟ್ಲರ್ ಗೃಹ ಸಚಿವರಾಗಿದ್ದಾಗ 1960ರ ಕಾಯ್ದೆ ಬಂತು. 1961ರ ಮೇ 1ರಂದು ಅಂಗಡಿಗಳು ಬಾಗಿಲು ತೆರೆದವು, ಕೆಲವೇ ತಿಂಗಳಲ್ಲಿ ಸಾವಿರಾರು ಆದವು.

ಈ ಕಾಯ್ದೆ ಎರಡು ಬಗೆಯ ಅನುಮತಿ ಕೇಳಿತು. ಬುಕ್ಕಿಯ ಯೋಗ್ಯತೆ ನೋಡಿ ಕೊಡುವ ಪರ್ಮಿಟ್ ಒಂದು, ಜಾಗಕ್ಕೆ ಕೊಡುವ ಲೈಸೆನ್ಸ್ ಇನ್ನೊಂದು. ಜಾಗದ ಅರ್ಜಿ ಬಂದಾಗ ಆ ಪ್ರದೇಶದಲ್ಲಿ ಬೇಡಿಕೆ ಎಷ್ಟಿದೆ, ಈಗಾಗಲೇ ಎಷ್ಟು ಅಂಗಡಿಗಳಿವೆ ಎಂದು ತೂಗಿ ನೋಡಿ, ಸಾಕಷ್ಟಿವೆ ಎನಿಸಿದರೆ ತಿರಸ್ಕರಿಸುವ ಅಧಿಕಾರ ಸ್ಥಳೀಯ ಪ್ರಾಧಿಕಾರಕ್ಕಿತ್ತು. ಇರುವ ಬೇಡಿಕೆಯನ್ನು ಪೂರೈಸಬಹುದು, ಹೊಸದನ್ನು ಹುಟ್ಟಿಸಬಾರದು ಎಂಬುದು ಅದರ ಹಿಂದಿದ್ದ ವಿವೇಕ. ಅದೇ ವಿವೇಕ ಅಂಗಡಿಯ ಒಳಗೂ ಹೊಕ್ಕಿತು: ಟಿವಿ ಇಲ್ಲ, ಸಂಗೀತವಿಲ್ಲ, ಚಹಾ ಕಾಫಿ ಇಲ್ಲ, ಕಿಟಕಿಯಿಂದ ಒಳಗೇನೂ ಕಾಣುವಂತಿಲ್ಲ, ಭಾನುವಾರ ಬಾಗಿಲು ಹಾಕಿರಬೇಕು, ಹದಿನೆಂಟು ತುಂಬದವರು ಬರಕೂಡದು. ಅಂಗಡಿಗಳು ಶವಸಂಸ್ಕಾರದ ಏರ್ಪಾಡು ಮಾಡುವವರ ಮಳಿಗೆಯಂತಾದವು ಎಂದು ಬಟ್ಲರ್ ಅವರೇ ಮುಂದೆ ಹೇಳಿಕೊಂಡರು. ಮೈದಾನಕ್ಕೆ ಹೋಗದೆಯೂ ಬಾಜಿ ಕಟ್ಟಬಹುದಾದಾಗ ರೇಸಿಗೆ ಆಗುವ ನಷ್ಟ ತುಂಬಲು, ಬುಕ್ಕಿಗಳಿಂದ ವಂತಿಗೆ ವಸೂಲು ಮಾಡುವ ಲೆವಿ ಮಂಡಳಿಯೂ 1961ರಲ್ಲೇ ಹುಟ್ಟಿತು.

ಮುಂದಿನದು ಒಂದೊಂದಾಗಿ ಬಿಗಿ ಸಡಿಲಿಸಿದ ಕಥೆ. 1986ರಲ್ಲಿ ಟಿವಿ, ಕುರ್ಚಿ, ಬಿಸಿ ಪಾನೀಯಗಳಿಗೆ ಒಪ್ಪಿಗೆ ದೊರೆಯಿತು. 1990ರ ದಶಕದಲ್ಲಿ ಸಂಜೆಯ ಮತ್ತು ಭಾನುವಾರದ ವ್ಯಾಪಾರಕ್ಕೂ ಸಿಕ್ಕಿತು. ಇವುಗಳಲ್ಲಿ ತಕರಾರೆತ್ತುವಂಥದ್ದು ನನಗೇನೂ ಕಾಣುವುದಿಲ್ಲ.

ನಿಜವಾದ ತಿರುವು 2005ರ ಜೂಜು ಕಾಯ್ದೆ. 2007ರ ಸೆಪ್ಟೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಅದು, ವ್ಯಾಪಾರ ನಡೆಸುವ ಲೈಸೆನ್ಸನ್ನು ಜೂಜು ಆಯೋಗಕ್ಕೂ ಜಾಗದ ಲೈಸೆನ್ಸನ್ನು ಸ್ಥಳೀಯ ಆಡಳಿತಕ್ಕೂ ಒಪ್ಪಿಸಿತು. ಜೊತೆಗೆ, ಜಾಗದ ಅರ್ಜಿ ಪರಿಶೀಲಿಸುವಾಗ ಬೇಡಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬಾರದೆಂದು 153ನೇ ಸೆಕ್ಷನ್ನಿನಲ್ಲಿ ಕಟ್ಟುನಿಟ್ಟಾಗಿ ಬರೆಯಿತು. ಒಂದು ಅಂಗಡಿಯಲ್ಲಿ ನಾಲ್ಕು ಜೂಜು ಯಂತ್ರಗಳಿಗಷ್ಟೇ ಅವಕಾಶ. ಅಂಗಡಿಗಳ ಸಂಖ್ಯೆಗೆ ಮಾತ್ರ ಮಿತಿಯಿಲ್ಲ. ಇನ್ನೂ ನಾಲ್ಕು ಯಂತ್ರ ಬೇಕೆನಿಸಿದ ಕಂಪನಿ ಅದೇ ಬೀದಿಯಲ್ಲಿ ಮತ್ತೊಂದು ಅಂಗಡಿ ತೆರೆದರಾಯಿತು. ಕುದುರೆಯ ಹೆಸರಿನಲ್ಲಿ ಹುಟ್ಟಿದ ಅಂಗಡಿ ಹೀಗೆ ಯಂತ್ರಕ್ಕಾಗಿ ಬೆಳೆಯತೊಡಗಿತು. ಬಡ ಬಡಾವಣೆಗಳ ಪೇಟೆಬೀದಿಗಳಲ್ಲಿ ಇವು ಒತ್ತೊತ್ತಾಗಿ ಎದ್ದಾಗ ನಿವಾಸಿಗಳು ದೂರಿದರು. ಆದರೆ ‘ಇಲ್ಲಿ ಸಾಕಷ್ಟಿವೆ’ ಎಂಬ ಕಾರಣ ಕೊಟ್ಟು ಅರ್ಜಿ ತಳ್ಳಿಹಾಕುವ ದಾರಿ ಲೈಸೆನ್ಸ್ ಕೊಡುವವರಿಗೆ ಉಳಿದಿರಲಿಲ್ಲ.

ತಿದ್ದುವ ಕೆಲಸ ಹಿಂಬಾಗಿಲಿನಿಂದ ಶುರುವಾಯಿತು. ಬೇರೆ ವ್ಯಾಪಾರದ ಕಟ್ಟಡವನ್ನು ಬಾಜಿ ಅಂಗಡಿಯಾಗಿಸಲು ಯೋಜನಾ ಅನುಮತಿ ಬೇಕೆಂದು 2015ರ ಏಪ್ರಿಲಿನಲ್ಲಿ ಇಂಗ್ಲೆಂಡ್ ನಿಯಮ ಬದಲಿಸಿತು. ಈ ಯಂತ್ರಗಳಲ್ಲಿ ಒಂದು ಆಟಕ್ಕೆ ಕಟ್ಟಬಹುದಾದ ಗರಿಷ್ಠ ಮೊತ್ತವನ್ನು 2019ರ ಏಪ್ರಿಲ್ 1ರಿಂದ 100 ಪೌಂಡಿನಿಂದ 2 ಪೌಂಡಿಗೆ ಇಳಿಸಲಾಯಿತು. ಅದರ ಬೆನ್ನಿಗೇ ನೂರಾರು ಅಂಗಡಿಗಳು ಮುಚ್ಚಿದವು. ಒಂದು ಪ್ರದೇಶದಲ್ಲಿ ಕೂಡಿಬಂದ ಅಂಗಡಿಗಳ ಒಟ್ಟು ಪರಿಣಾಮವನ್ನು ಸ್ಥಳೀಯ ಆಡಳಿತಗಳು ಅಳೆದು ನೋಡುವಂತಾಗಬೇಕೆಂದು 2023ರ ಏಪ್ರಿಲಿನ ಶ್ವೇತಪತ್ರ ಪ್ರಸ್ತಾಪಿಸಿತು. 1960ರ ಕಾಯ್ದೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.