ಓದುಗರ ಪ್ರಶ್ನೆ: ಚೆಸ್ ಆಟಗಾರರ ವಿಕಿಪೀಡಿಯ ಪುಟ ತಿದ್ದುವುದು ಎಲ್ಲಿಂದ ಶುರು?

ಪ್ರಶ್ನೆ: ಹಳೆಯ ಕಾಲದ ಚೆಸ್ ಆಟಗಾರರೊಬ್ಬರ ವಿಕಿಪೀಡಿಯ ಪುಟವನ್ನು ಸುಧಾರಿಸಬೇಕೆಂದಿದ್ದೇನೆ. ಓದುತ್ತಾ ಹೋದರೆ ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ಆದರೆ ಬೇರೆ ಎರಡು ಜಾಲತಾಣ ತೆರೆದು ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಂದು ವಾಕ್ಯದಿಂದ. ಇಡೀ ಪುಟವನ್ನು ಒಮ್ಮೆಗೇ ಮಗುಚಿ ಹಾಕಲು ಹೋದವರು ಸಾಮಾನ್ಯವಾಗಿ ಅರ್ಧಕ್ಕೇ ಬಿಡುತ್ತಾರೆ, ಇಲ್ಲವೇ ಒಳ್ಳೆಯ ಸಾಲುಗಳನ್ನೂ ಸೇರಿಸಿ ಅಳಿಸಿಬಿಡುತ್ತಾರೆ. ಉದಾಹರಣೆಗೆ ಮೀರ್ ಸುಲ್ತಾನ್ ಖಾನ್ ಅವರನ್ನು ತೆಗೆದುಕೊಳ್ಳೋಣ. ಪಂಜಾಬಿನ ಮಿಠಾ ಟಿವಾಣಾದಲ್ಲಿ ಹುಟ್ಟಿ, 1929ರಲ್ಲಿ ಲಂಡನ್ನಿಗೆ ಹೋಗಿ, 1933ರ ಕೊನೆಗೆ ಊರಿಗೆ ಮರಳಿ, 1966ರಲ್ಲಿ ಸರ್ಗೋಧಾದಲ್ಲಿ ತೀರಿಕೊಂಡ ಆಟಗಾರ. ಅವರ ಬಗ್ಗೆ ಅಂತರ್ಜಾಲದಲ್ಲಿ ಓಡಾಡುವ ಮಾತುಗಳನ್ನೆಲ್ಲ ಒಂದು ಸಾಲಿಗೆ ಇಳಿಸಿದರೆ ಹೀಗಿರುತ್ತದೆ:

"ಅನಕ್ಷರಸ್ಥ ಸೇವಕನಾಗಿದ್ದ ಪಾಕಿಸ್ತಾನಿ ಗ್ರ್ಯಾಂಡ್‌ಮಾಸ್ಟರ್ ಸುಲ್ತಾನ್ ಖಾನ್ ವಿಶ್ವ ಚಾಂಪಿಯನ್ ಕ್ಯಾಪಬ್ಲಾಂಕಾನನ್ನು ಸೋಲಿಸಿ, ಸತತ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಆದ."

ಓದಲು ಚೆನ್ನಾಗಿದೆ, ಕಥೆಯೂ ಇದೆ. ಆದರೆ ಈ ಒಂದೇ ವಾಕ್ಯದಲ್ಲಿ ಎಂಟು ತಕರಾರುಗಳಿವೆ.

ಸುಲಭವಾದವನ್ನು ಮೊದಲು ನೋಡಿ. "ವಿಶ್ವ ಚಾಂಪಿಯನ್ ಕ್ಯಾಪಬ್ಲಾಂಕಾ": ಆ ಆಟ ನಡೆದದ್ದು 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ. ಕ್ಯಾಪಬ್ಲಾಂಕಾ 1927ರಲ್ಲೇ ಅಲೆಖೈನ್ ಎದುರು ಪಟ್ಟ ಕಳೆದುಕೊಂಡಿದ್ದರು. ಹಾಗಾಗಿ "ಮಾಜಿ ವಿಶ್ವ ಚಾಂಪಿಯನ್" ಆಗಬೇಕು. "ಸತತ ಮೂರು ಬಾರಿ": ಸುಲ್ತಾನ್ ಖಾನ್ ಗೆದ್ದದ್ದು 1929, 1932 ಮತ್ತು 1933ರಲ್ಲಿ. 1931ರ ಪಟ್ಟ ಯೇಟ್ಸ್ ಅವರದು. "ಸೋಲಿಸಿ... ಆದ": ಮೊದಲ ಬ್ರಿಟಿಷ್ ಪಟ್ಟ ಬಂದದ್ದು ಕ್ಯಾಪಬ್ಲಾಂಕಾ ಎದುರಿನ ಗೆಲುವಿಗಿಂತ ಮುಂಚೆ. "ಸೋಲಿಸಿ", "ಗೆದ್ದು" ಎಂಬ ರೂಪಗಳು ಕನ್ನಡದಲ್ಲಿ ಕಾಲದ ಕ್ರಮವನ್ನು ತಾವಾಗಿಯೇ ಹೇಳಿಬಿಡುತ್ತವೆ. ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ ಓದುವವರು ಹಾಗೇ ತಿಳಿಯುತ್ತಾರೆ. ಇಂಥ ಜಾಗದಲ್ಲಿ ವಾಕ್ಯವನ್ನು ಎರಡಾಗಿ ಒಡೆದು ಪ್ರತಿಯೊಂದಕ್ಕೂ ಇಸವಿ ಹಾಕುವುದೇ ಕ್ಷೇಮ.

"ಗ್ರ್ಯಾಂಡ್‌ಮಾಸ್ಟರ್" ಸ್ವಲ್ಪ ಸೂಕ್ಷ್ಮ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಈ ಬಿರುದನ್ನು ಅಧಿಕೃತವಾಗಿ ಕೊಡಲು ಶುರು ಮಾಡಿದ್ದೇ 1950ರಲ್ಲಿ, ಮೊದಲ ಪಟ್ಟಿಯಲ್ಲಿ 27 ಜನ. ಎಷ್ಟೋ ವರ್ಷ ಮೊದಲೇ ಆಟ ಬಿಟ್ಟಿದ್ದ ರೂಬಿನ್‌ಸ್ಟೈನ್ ಕೂಡ ಅದರಲ್ಲಿದ್ದರು. ಸುಲ್ತಾನ್ ಖಾನ್ ಆಗ ಬದುಕಿದ್ದರೂ ಅವರ ಹೆಸರು ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು. ಆದ್ದರಿಂದ ಮಾಹಿತಿಚೌಕದಲ್ಲಿ (ಪುಟದ ಬದಿಯಲ್ಲಿ ಮುಖ್ಯ ವಿವರ ಕೊಡುವ ಪಟ್ಟಿಯಲ್ಲಿ) ಬರೀ "ಗ್ರ್ಯಾಂಡ್‌ಮಾಸ್ಟರ್" ಎಂದು ಹಾಕಬಾರದು. "ಗೌರವ ಗ್ರ್ಯಾಂಡ್‌ಮಾಸ್ಟರ್, 2024, ಮರಣೋತ್ತರ" ಎಂದು ಹಾಕಿ. 1930ರ ದಶಕದ ಪ್ಯಾರಾದಲ್ಲಿ ಆ ಪದವೇ ಬೇಡ.

ಅದೇ ಚೌಕದಲ್ಲಿ ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಅಂಕ, ಎಂಬ ಖಾನೆ ಇರುತ್ತದೆ. ಖಾಲಿ ಇದೆಯಲ್ಲ ಎಂದು ತುಂಬಲು ಕೈ ತುರಿಸುತ್ತದೆ, ತುಂಬಬೇಡಿ. ಈ ಅಂಕ ಲೆಕ್ಕ ಹಾಕುವ ಎಲೋ ಪದ್ಧತಿಯನ್ನು ಫಿಡೆ ಒಪ್ಪಿದ್ದು 1970ರಲ್ಲಿ. ಅದಕ್ಕಿಂತ ಹಿಂದಿನವರಿಗೆ ಸಿಗುವ ಅಂಕಗಳೆಲ್ಲ ಈಚಿನವರು ಹಳೆಯ ಫಲಿತಾಂಶಗಳಿಂದ ಲೆಕ್ಕ ಹಾಕಿ ತೆಗೆದವು. ಬೇಕೇ ಬೇಕಾದರೆ ಒಳಗಿನ ಪ್ಯಾರಾದಲ್ಲಿ, ಯಾರ ಲೆಕ್ಕ ಎಂದು ಹೇಳಿ ಬರೆಯಿರಿ.

"ಪಾಕಿಸ್ತಾನಿ": ಅವರು ಆಡಿದ ಕಾಲದಲ್ಲಿ ಆ ದೇಶ ಇರಲಿಲ್ಲ. ಬ್ರಿಟಿಷ್ ಇಂಡಿಯಾದ ಪ್ರಜೆಯಾಗಿ ಹುಟ್ಟಿ, 1930ರ ಹ್ಯಾಂಬರ್ಗ್, 1931ರ ಪ್ರಾಗ್, 1933ರ ಫೋಕ್‌ಸ್ಟನ್ ಒಲಿಂಪಿಯಾಡ್‌ಗಳಲ್ಲಿ ಇಂಗ್ಲೆಂಡ್ ತಂಡದ ಮೊದಲ ಬೋರ್ಡಿನಲ್ಲಿ (ತಂಡದ ಮೊದಲ ಸ್ಥಾನದಲ್ಲಿ) ಆಡಿ, 1947ರ ನಂತರ ಪಾಕಿಸ್ತಾನದ ಪ್ರಜೆಯಾದವರು. ಹಾಗೆಂದು "ಭಾರತದ ಆಟಗಾರ" ಎಂದಷ್ಟೇ ಬರೆದರೂ ಅದೇ ತಪ್ಪು ಇನ್ನೊಂದು ಕಡೆಯಿಂದ ಆಗುತ್ತದೆ. ಇಂಥ ಪುಟಗಳಲ್ಲಿ ಒಬ್ಬರು ಒಂದು ಬಾವುಟ ಹಾಕುವುದು, ಇನ್ನೊಬ್ಬರು ತೆಗೆಯುವುದು ವರ್ಷಗಟ್ಟಲೆ ನಡೆಯುತ್ತದೆ. ನಮ್ಮ ಸಲಹೆ: ಬಾವುಟವೇ ಬೇಡ, ಮೂರೂ ಸಂಗತಿಯನ್ನು ಇಸವಿ ಸಮೇತ ಒಂದು ವಾಕ್ಯದಲ್ಲಿ ಹೇಳಿ.

ಇನ್ನು ಉಳಿದದ್ದು "ಅನಕ್ಷರಸ್ಥ" ಮತ್ತು "ಸೇವಕ". ಹೆಚ್ಚು ಹೊತ್ತು ಬೇಡುವುದು ಇವೇ.

ಓದು ಬರಹ ಬಾರದು, ಚೆಸ್ ಪುಸ್ತಕ ಮುಟ್ಟಿದವರಲ್ಲ, ಪಂಜಾಬಿನ ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಮನೆಯ ಆಳು ಎಂಬ ಚಿತ್ರ ಪಾಶ್ಚಾತ್ಯ ಚೆಸ್ ಬರಹಗಳಲ್ಲಿ ಹತ್ತಾರು ವರ್ಷ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಬಂದಿದೆ. ಸುಲ್ತಾನ್ ಖಾನರ ಕುಟುಂಬದವರು 2020ರಲ್ಲಿ ಇದನ್ನು ಸಾರ್ವಜನಿಕವಾಗಿ ಅಲ್ಲಗಳೆದರು. ಅವರ ಪ್ರಕಾರ ಮನೆತನ ಜಮೀನುಳ್ಳದ್ದು, ಸುಲ್ತಾನ್ ಖಾನ್ ಓದುಬರಹ ಬಲ್ಲವರು, ಯಾರ ಮನೆಯ ಆಳೂ ಅಲ್ಲ. ಈಗ ನೀವು ಏನು ಮಾಡಬೇಕು? ಒಂದನ್ನು ಅಳಿಸಿ ಇನ್ನೊಂದನ್ನು ಹಾಕುವುದಲ್ಲ. ಪ್ರತಿ ಮಾತನ್ನೂ ಯಾರು, ಯಾವಾಗ, ಎಷ್ಟು ಹತ್ತಿರದಿಂದ ನೋಡಿ ಹೇಳಿದರು ಎಂದು ಹಿಂಬಾಲಿಸಿ ಹೋಗಬೇಕು.

ಉದಾಹರಣೆಗೆ, 1933ರಲ್ಲಿ ಅಮೆರಿಕ ತಂಡದ ಜೊತೆ ಬಂದಿದ್ದ ರೂಬೆನ್ ಫೈನ್ ಬರೆದ ಪ್ರಸಂಗ ಬಹಳ ಪ್ರಸಿದ್ಧ: ಉಮರ್ ಹಯಾತ್ ಖಾನರ ಲಂಡನ್ನಿನ ಮನೆಗೆ ಊಟಕ್ಕೆ ಹೋದರೆ ಬಡಿಸಲು ಬಂದವರು ಸುಲ್ತಾನ್ ಖಾನರೇ ಎಂಬುದು. ಫೈನ್ ಕಣ್ಣಾರೆ ಕಂಡವರು, ಅದು ಅವರ ಪಾಲಿನ ಬಲ. ಆದರೆ ಬರೆದದ್ದು ಎಷ್ಟೋ ವರ್ಷಗಳ ನಂತರ. ಮೇಲಾಗಿ ಆತಿಥೇಯರನ್ನು ಅವರು "ಮಹಾರಾಜ" ಎನ್ನುತ್ತಾರೆ. ಉಮರ್ ಹಯಾತ್ ಖಾನ್ ಟಿವಾಣಾ ಪಂಜಾಬಿನ ದೊಡ್ಡ ಜಮೀನ್ದಾರ, ಮಹಾರಾಜರಲ್ಲ. ಪರೀಕ್ಷಿಸಲು ಸಾಧ್ಯವಿರುವ ಒಂದು ವಿವರದಲ್ಲಿ ಮೂಲ ಎಡವಿದ್ದರೆ, ಪರೀಕ್ಷಿಸಲಾಗದ ವಿವರವನ್ನು ಅದೊಂದರ ಮೇಲೇ ನಿಲ್ಲಿಸಬಾರದು. ಪ್ರಸಂಗವನ್ನು ತೆಗೆದುಹಾಕುವ ಅಗತ್ಯವಿಲ್ಲ. "ಫೈನ್ ನೆನಪಿಸಿಕೊಂಡಂತೆ" ಎಂಬ ಎರಡು ಪದ ಸೇರಿಸಿ, ಅದರ ಪಕ್ಕದಲ್ಲೇ ಕುಟುಂಬದ ಮಾತನ್ನೂ ಇಡಿ. ಕುಟುಂಬದವರ ಮಾತಿಗೂ ಅದೇ ತಕ್ಕಡಿ: ಮನೆತನದ ವಿಷಯದಲ್ಲಿ ಅವರು ಎಲ್ಲರಿಗಿಂತ ಹತ್ತಿರದವರು, ಆದರೆ ತಮ್ಮವರ ಬಗ್ಗೆ ಹೇಳುತ್ತಿರುವವರು. "ಕುಟುಂಬದವರ ಪ್ರಕಾರ" ಎಂದೇ ಬರೆಯಿರಿ. ಪೀಠಿಕೆಯಲ್ಲಿ ಎರಡೂ ಬೇಡ, ಆರಂಭಿಕ ಜೀವನದ ಭಾಗದಲ್ಲಿ ಬರಲಿ.

ಹೊಗಳಿಕೆಗೂ ಇದೇ ಉಪಾಯ. "ಅಸಾಮಾನ್ಯ ಪ್ರತಿಭೆ" ಎಂದು ಪುಟವೇ ಹೇಳಿದರೆ ಅದು ಅಭಿಮಾನಿಯ ಮಾತು. ಕ್ಯಾಪಬ್ಲಾಂಕಾ ಹಾಗೆ ಬರೆದಿದ್ದಾರೆ ಎಂದು ಆಧಾರ ಕೊಟ್ಟು ಹೇಳಿದರೆ ಅದು ಮಾಹಿತಿ.

ಎಂಟನೆಯದು "ಆದ". ಇದು ಕನ್ನಡ ಪುಟಕ್ಕೇ ವಿಶೇಷವಾದ ತಪ್ಪು. ಅದೇ ಪುಟದಲ್ಲಿ ಕ್ಯಾಪಬ್ಲಾಂಕಾ "ಆಡಿದರು", ಸುಲ್ತಾನ್ ಖಾನ್ "ಆಡಿದ" ಎಂದಿರುವುದುಂಟು. ಸೇವಕ ಎಂಬ ಪದ ತಲೆಯಲ್ಲಿ ಕೂತು ಕ್ರಿಯಾಪದವನ್ನು ತಾನಾಗಿಯೇ ಕೆಳಗಿಳಿಸಿಬಿಡುತ್ತದೆ. ಪುಟದುದ್ದಕ್ಕೂ ಎಲ್ಲರಿಗೂ ಒಂದೇ ಗೌರವರೂಪ ಇರಲಿ.

ಎಲ್ಲ ತಿದ್ದಿದ ಮೇಲೆ ಆ ವಾಕ್ಯ ಹೀಗಾಗುತ್ತದೆ: "ಸುಲ್ತಾನ್ ಖಾನ್ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿ, ಇಂಗ್ಲೆಂಡ್ ಪರ ಮೂರು ಒಲಿಂಪಿಯಾಡ್‌ಗಳಲ್ಲಿ ಆಡಿದ, 1947ರ ನಂತರ ಪಾಕಿಸ್ತಾನದ ಪ್ರಜೆಯಾದ ಚೆಸ್ ಆಟಗಾರರು. 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕ್ಯಾಪಬ್ಲಾಂಕಾ ಅವರನ್ನು ಸೋಲಿಸಿದರು." ಮೊದಲಿನಷ್ಟು ರೋಚಕವಾಗಿಲ್ಲ, ನಿಜ. ಆದರೆ ಒಂದೊಂದು ವಾಕ್ಯಕ್ಕೂ ಒಂದೊಂದು ಆಧಾರ ತಗುಲಿಸಬಹುದು.

ಫಲಿತಾಂಶಗಳ ಕೋಷ್ಟಕಕ್ಕೆ ಬಂದರೆ, ಮೊದಲು ಕೂಡಿ ನೋಡಿ. ಪ್ರಾಗ್‌ನಲ್ಲಿ ಸುಲ್ತಾನ್ ಖಾನ್ 8 ಗೆಲುವು, 7 ಡ್ರಾ, 2 ಸೋಲು. ಗೆಲುವಿಗೆ ಒಂದು ಅಂಕ, ಡ್ರಾಗೆ ಅರ್ಧ: 8 ಮತ್ತು 7ರ ಅರ್ಧ 3½ ಸೇರಿ 11½, ಒಟ್ಟು 17 ಆಟ. ಪುಟದಲ್ಲಿ 17ಕ್ಕೆ 12 ಎಂದಿದ್ದರೆ ಎಲ್ಲೋ ಅರ್ಧ ಅಂಕ ಹೆಚ್ಚಾಗಿ ಸೇರಿದೆ ಎಂದು ಆಧಾರ ತೆರೆಯುವ ಮೊದಲೇ ಗೊತ್ತಾಗುತ್ತದೆ. ಒಲಿಂಪಿಯಾಡ್ ಫಲಿತಾಂಶಗಳಿಗೆ ಒಲಿಂಪ್‌ಬೇಸ್, ಬ್ರಿಟಿಷ್ ಟೂರ್ನಿಗಳಿಗೆ ಬ್ರಿಟ್‌ಬೇಸ್, ಅಂದಿನ ವರದಿಗಳಿಗೆ ಬ್ರಿಟಿಷ್ ಚೆಸ್ ಮ್ಯಾಗಝೀನ್‌ನ ಹಳೆಯ ಸಂಪುಟಗಳು ನೆರವಾಗುತ್ತವೆ. ಬೇರೆ ಭಾಷೆಯ ವಿಕಿಪೀಡಿಯ ಪುಟ ಆಧಾರವಲ್ಲ. ಅದನ್ನು ನಕಲಿಸಿಕೊಂಡ ತಾಣಗಳೂ ಅಲ್ಲ. ಪುಟದಲ್ಲಿರುವ ತಪ್ಪು ಪತ್ರಿಕೆಗೆ ಹೋಗಿ, ಆ ಪತ್ರಿಕೆಯೇ ಪುಟಕ್ಕೆ ಆಧಾರವಾಗಿ ವಾಪಸು ಬರುವುದುಂಟು. ಆಧಾರದ ತಾರೀಖು, ಆ ಸಾಲು ಪುಟಕ್ಕೆ ಸೇರಿದ ತಾರೀಖಿಗಿಂತ ಈಚಿನದೇ ಎಂದು ಪುಟದ ಇತಿಹಾಸದಲ್ಲಿ ನೋಡಿದರೆ ಈ ಸುತ್ತು ಸಿಕ್ಕಿಬೀಳುತ್ತದೆ.

ಇಲ್ಲದ್ದನ್ನು ಇಲ್ಲ ಎನ್ನುವ ವಾಕ್ಯಗಳ ಮೇಲೂ ಕಣ್ಣಿರಲಿ. "1933ರ ನಂತರ ಅವರು ಗಂಭೀರವಾಗಿ ಆಡಲೇ ಇಲ್ಲ" ಎಂಬುದು ನಿಲ್ಲುವುದಿಲ್ಲ. 1935ರಲ್ಲಿ ಖಾಡಿಲ್ಕರ್ ಎದುರು ಹತ್ತು ಆಟಗಳ ಸರಣಿ ಆಡಿ, ಒಂದೇ ಒಂದು ಡ್ರಾ ಬಿಟ್ಟು ಉಳಿದೆಲ್ಲ ಗೆದ್ದಿದ್ದಾರೆ.

ಕನ್ನಡದ ಪದಗಳ ಬಗ್ಗೆ ಸ್ವಲ್ಪ. ನಮ್ಮಲ್ಲಿ "ಪಂದ್ಯ" ಒಂದೇ ಆಟಕ್ಕೂ ಸಲ್ಲುತ್ತದೆ, ಹನ್ನೆರಡು ಆಟಗಳ ಹಣಾಹಣಿಗೂ ಸಲ್ಲುತ್ತದೆ. "1931ರಲ್ಲಿ ಟಾರ್ಟಾಕೋವರ್ ವಿರುದ್ಧದ ಪಂದ್ಯವನ್ನು 6½–5½ರಿಂದ ಗೆದ್ದರು" ಎಂದರೆ ಚೆಸ್ ಗೊತ್ತಿಲ್ಲದವರು ಕಕ್ಕಾಬಿಕ್ಕಿ. ಒಂದು ಆಟಕ್ಕೆ "ಆಟ", ಇಬ್ಬರ ನಡುವಿನ ಹಲವು ಆಟಗಳಿಗೆ "ಸರಣಿ", ಹಲವರು ಸೇರಿ ಆಡುವುದಕ್ಕೆ "ಟೂರ್ನಿ" ಎಂದು ಮೊದಲೇ ನಿಶ್ಚಯಿಸಿಕೊಂಡು ಪುಟವಿಡೀ ಅದನ್ನೇ ಬಳಸಿ. ಯಂತ್ರಾನುವಾದದ ಪುಟವಾದರೆ "ಮೊದಲ ಬೋರ್ಡ್" ಎಂಬುದು "ಮೊದಲ ಮಂಡಳಿ" ಆಗಿರಬಹುದು, "ಡ್ರಾ" ಎಂಬುದು ಚಿತ್ರ ಬಿಡಿಸುವುದಾಗಿರಬಹುದು. ನಗು ಬರುತ್ತದೆ, ಆದರೆ ಇವು ಹುಡುಕಿದ ಕೂಡಲೇ ಸಿಗುವ ತಪ್ಪುಗಳು. "ಚದುರಂಗ" ಹಾಗಲ್ಲ. ಸುಲ್ತಾನ್ ಖಾನ್ ಚಿಕ್ಕಂದಿನಲ್ಲಿ ಕಲಿತದ್ದು ಭಾರತೀಯ ಪದ್ಧತಿಯ ಆಟ: ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ಪಾಶ್ಚಾತ್ಯ ರೀತಿಯ ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವುದು) ಇಲ್ಲ. ಎರಡಕ್ಕೂ ಚದುರಂಗ ಎಂದೇ ಬರೆದರೆ ಅವರು ದೊಡ್ಡವರಾದ ಮೇಲೆ ನಿಯಮಗಳನ್ನೇ ಹೊಸದಾಗಿ ಕಲಿಯಬೇಕಾಯಿತು ಎಂಬ ಮುಖ್ಯ ಸಂಗತಿ ಕಾಣದೇ ಹೋಗುತ್ತದೆ.

ನೀವು ತಿದ್ದುವುದು ಈಗ ಆಡುತ್ತಿರುವವರ ಪುಟವಾದರೆ ರೋಗ ಬೇರೆ. ಫಿಡೆ ರೇಟಿಂಗ್ ಪಟ್ಟಿ ಪ್ರತಿ ತಿಂಗಳು 1ರಂದು ಬದಲಾಗುತ್ತದೆ. "ಪ್ರಸ್ತುತ ರೇಟಿಂಗ್" ಎಂದು ಬರೆದರೆ ಮುಂದಿನ ತಿಂಗಳೇ ಸುಳ್ಳು, ಆದ್ದರಿಂದ ಯಾವ ತಿಂಗಳ ಪಟ್ಟಿ ಎಂದು ಬರೆಯಿರಿ. ಗ್ರ್ಯಾಂಡ್‌ಮಾಸ್ಟರ್ ಆಗಲು ಟೂರ್ನಿಗಳಲ್ಲಿ ನಿಗದಿತ ಮಟ್ಟದ ಸಾಧನೆಗೆ ಸಿಗುವ ನಾರ್ಮ್‌ಗಳ ಜೊತೆಗೆ 2500 ರೇಟಿಂಗನ್ನೂ ಮುಟ್ಟಬೇಕು, ಆಮೇಲೆ ಫಿಡೆ ಅನುಮೋದಿಸಬೇಕು. ಕೊನೆಯ ಅರ್ಹತೆ ಪೂರೈಸಿದ ದಿನವೇ ಪತ್ರಿಕೆಗಳು "ಗ್ರ್ಯಾಂಡ್‌ಮಾಸ್ಟರ್ ಆದರು" ಎನ್ನುವುದರಿಂದ ಒಂದೇ ಬಿರುದಿಗೆ ಎರಡು ತಾರೀಖು ಸಿಗುತ್ತವೆ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು ಎಂಬಂಥ ವಾಕ್ಯಕ್ಕೆ ಇಸವಿ ಸಾಕು. ದಿನಾಂಕವನ್ನೇ ಬರೆಯುವುದಾದರೆ ಅದು ಯಾವುದರ ದಿನಾಂಕ ಎಂದೂ ಹೇಳಿ. ಚಿಕ್ಕ ವಯಸ್ಸಿನ ಆಟಗಾರರ ಶಾಲೆ, ಮನೆ, ಹೆತ್ತವರ ವಿವರಗಳು ಎಷ್ಟೇ ಸಿಕ್ಕರೂ ಸೇರಿಸಬೇಡಿ.

ಕೆಲಸದ ಕ್ರಮ ಇಷ್ಟೆ: ಮೊದಲು ಚರ್ಚೆ ಪುಟ, ಇತಿಹಾಸ ಓದಿ. ನೀವು ತಿದ್ದಹೊರಟದ್ದನ್ನು ಈಗಾಗಲೇ ಯಾರೋ ತಿದ್ದಿ, ಇನ್ಯಾರೋ ಹಿಂದಕ್ಕೆ ತಿರುಗಿಸಿರಬಹುದು. ಪುಟವನ್ನು ನಿಮ್ಮ ಪ್ರಯೋಗಪುಟಕ್ಕೆ ತಂದುಕೊಂಡು ವಾಕ್ಯಗಳಿಗೆ ಸಂಖ್ಯೆ ಹಾಕಿ, ಪ್ರತಿಯೊಂದರ ಮುಂದೆ ಆಧಾರ ಇದೆಯೇ, ಅದನ್ನು ತೆರೆದು ನೋಡಿದಿರಾ ಎಂದು ಗುರುತು ಮಾಡಿ. ಒಳಗಿನ ಭಾಗಗಳನ್ನು ಮೊದಲು ತಿದ್ದಿ, ಪೀಠಿಕೆ ಮತ್ತು ಮಾಹಿತಿಚೌಕ ಕೊನೆಗೆ, ಏಕೆಂದರೆ ಅವು ಒಳಗಿನದರ ಸಾರ. ಒಂದೊಂದು ಭಾಗವನ್ನು ಬೇರೆ ಬೇರೆಯಾಗಿ ಉಳಿಸಿ, ಉಳಿಸುವಾಗ ಕೇಳುವ ಸಾರಾಂಶದಲ್ಲಿ ಏನು ತಿದ್ದಿದಿರಿ, ಏಕೆ ಎಂದು ಬರೆಯಿರಿ. ಹಾಗೆ ಮಾಡಿದರೆ ಒಂದು ಬದಲಾವಣೆಗೆ ಆಕ್ಷೇಪ ಬಂದಾಗ ಉಳಿದ ಒಂಬತ್ತು ಉಳಿಯುತ್ತವೆ. ಇಂಗ್ಲಿಷ್ ಪುಟದಿಂದ ಅನುವಾದಿಸಿದ್ದರೆ ಅದರ ಕೊಂಡಿಯನ್ನು ಸಾರಾಂಶದಲ್ಲಿ ಕೊಡುವುದು ಪರವಾನಗಿಯ ಷರತ್ತಿಗೇ ಸಂಬಂಧಿಸಿದ್ದು. ಆಟದ ನಡೆಗಳನ್ನು ಯಾರು ಬೇಕಾದರೂ ಕೊಡಬಹುದು, ಆದರೆ ಇನ್ನೊಬ್ಬರು ಬರೆದ ವಿಶ್ಲೇಷಣೆಯನ್ನು ಹಾಗೇ ಇಳಿಸಿಕೊಳ್ಳುವಂತಿಲ್ಲ.

ಕೊನೆಗೆ ಹುಟ್ಟಿದ ವರ್ಷ. ಸುಲ್ತಾನ್ ಖಾನರಿಗೆ ಕೆಲವು ಮೂಲಗಳು 1903 ಎನ್ನುತ್ತವೆ, ಕೆಲವು 1905 ಎನ್ನುತ್ತವೆ. ಪುಟದಲ್ಲಿ ಎರಡನ್ನೂ ಆಧಾರ ಸಹಿತ ಕೊಟ್ಟು ಸುಮ್ಮನಾದರೆ ಸಾಲದು: ಮಾಹಿತಿಚೌಕ ತನ್ನ ಅಂಕಿಗಳನ್ನು ವಿಕಿಡೇಟಾದಿಂದ (ವಿಕಿಪೀಡಿಯ ಪುಟಗಳಿಗೆ ಮಾಹಿತಿ ಒದಗಿಸುವ ದತ್ತಾಂಶ ತಾಣದಿಂದ) ಎಳೆದುಕೊಳ್ಳುವ ಬಗೆಯದಾದರೆ ಹಳೆಯ ಒಂದೇ ವರ್ಷ ಅಲ್ಲಿ ಹಾಗೇ ಕಾಣುತ್ತಿರುತ್ತದೆ. ವಿಕಿಡೇಟಾದ ಅದೇ ವ್ಯಕ್ತಿಯ ದಾಖಲೆ ತೆರೆದು, ಜನನ ದಿನಾಂಕದಡಿ ಎರಡನೆಯ ವರ್ಷವನ್ನೂ ಅದರ ಆಧಾರದೊಂದಿಗೆ ಸೇರಿಸಿ, ಮೊದಲಿನದನ್ನು ಅಳಿಸಬೇಡಿ. ಆಮೇಲೆ ಪುಟಕ್ಕೆ ಮರಳಿ ಚೌಕದಲ್ಲಿ ಏನು ಕಾಣುತ್ತಿದೆ ಎಂದು ಒಮ್ಮೆ ನೋಡಿ.