ಕೈ ಬಿದ್ದದ್ದು ಹೌದು, ಸೆಕ್ಷನ್ ಯಾವುದು?

ಹೆಸರಾಂತ ನಟನೋ ಕ್ರಿಕೆಟಿಗನೋ ಯಾರಿಗೋ ಹೊಡೆದ ಎಂಬ ದೂರು ಠಾಣೆಗೆ ಬಂದ ದಿನ ಟೀವಿಯಲ್ಲಿ ಚರ್ಚೆಯಾಗುವುದು ಹೊಡೆದನೋ ಇಲ್ಲವೋ ಎಂದು. ವಕೀಲರ ಕಣ್ಣು ಮಾತ್ರ ಎಫ್‌ಐಆರ್‌ನಲ್ಲಿ ಹಾಕಿರುವ ಸೆಕ್ಷನ್ನಿನ ಮೇಲೆ. ಇಂಥ ಮೊಕದ್ದಮೆಗಳ ಬಹುಪಾಲು ಕಾದಾಟ ಅಲ್ಲೇ ನಡೆಯುವುದು.

2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಬರಿಗೈ ಪೆಟ್ಟಿಗೆ ಸಾಧಾರಣ ಗಾಯವಾದರೆ ಅದರ ಸೆಕ್ಷನ್ 115(2), ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 323. ಒಂದು ವರ್ಷದವರೆಗೆ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮೂಳೆಯೋ ಹಲ್ಲೋ ಮುರಿದರೆ 117(2), ಏಳು ವರ್ಷದವರೆಗೆ. ಅಪಾಯಕಾರಿ ಆಯುಧದಿಂದಾದ ಗಾಯಕ್ಕೆ 118(1), ಮೂರು ವರ್ಷದವರೆಗೆ. ವಿಚಿತ್ರವೆಂದರೆ, ಏಳು ವರ್ಷದ 117(2)ಕ್ಕೆ ಜಾಮೀನು ಆರೋಪಿಯ ಹಕ್ಕು. ಮೂರು ವರ್ಷದ 118(1)ಕ್ಕೆ ಅಲ್ಲ. ಹಾಗಾಗಿ ದೂರಿನಲ್ಲಿ ಒಂದು ಬಾಟಲಿ ಬಂತೋ, ಇಡೀ ಕೇಸಿನ ದಿಕ್ಕೇ ಬೇರೆ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಗಳ) ರಿಜಿಸ್ಟರಿನಲ್ಲಿ ಗಾಯಾಳು ಮೊದಲು ಹೇಳಿದ್ದೇನು, ಗಾಯದ ಪ್ರಮಾಣಪತ್ರದಲ್ಲಿ ಹರಿದ ಗಾಯವಿದೆಯೋ ಬರೀ ಊತವೋ, ಎಕ್ಸ್‌ರೇ ಆಗಿದೆಯೋ ಇಲ್ಲವೋ, ಇವನ್ನು ಎಫ್‌ಐಆರ್ ಪಕ್ಕದಲ್ಲಿಟ್ಟು ಓದುವುದೇ ಪ್ರತಿವಾದದ ಮೊದಲ ಕೆಲಸ.

ಎಫ್‌ಐಆರ್ ಇನ್ನೂ ಆಗಿಲ್ಲದಿದ್ದರೆ ಒಂದು ಕಿರುದಾರಿ ಇದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ನಡೆಸಬಹುದು ಎನ್ನುತ್ತದೆ ತನಿಖೆ, ವಿಚಾರಣೆಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3). 118(1) ಇದರೊಳಗೆ ಬರುತ್ತದೆ, 117(2) ಬರುವುದಿಲ್ಲ. ಸಿಸಿಟಿವಿ ದೃಶ್ಯವೇನಾದರೂ ಆರೋಪಿಯ ಪರವಾಗಿದ್ದರೆ ಅದನ್ನು ಪೊಲೀಸರ ಗಮನಕ್ಕೆ ತರಬೇಕಾದದ್ದು ಈ 14 ದಿನಗಳಲ್ಲೇ. ಎಫ್‌ಐಆರ್ ಆದ ಮೇಲೆ ಸಾಮಾನ್ಯವಾಗಿ ಪೊಲೀಸರ ಮುಂದೆ ಹಾಜರಾಗಿ ಎನ್ನುವ, ಅದೇ ಸಂಹಿತೆಯ 35(3)ರ ನೋಟಿಸ್ ಬರುತ್ತದೆ. ಶೂಟಿಂಗ್ ನೆಪ ಹೇಳಿ ಅದಕ್ಕೆ ಹಾಜರಾಗದೆ ಉಳಿದರೆ ಬಂಧನಕ್ಕೆ ಕಾರಣವನ್ನು ಕೈಯಾರೆ ಒದಗಿಸಿದಂತೆ. ಇನ್ನೊಂದು ಎಡವಟ್ಟು, ಜಾಮೀನುಯೋಗ್ಯ ಸೆಕ್ಷನ್ನುಗಳೇ ಇರುವಾಗ ಗಾಬರಿಯಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕುವುದು. ಅರ್ಜಿಯೇ ಅನಗತ್ಯವೆಂದು ಅದು ವಜಾ ಆಗುತ್ತದೆ, ಮರುದಿನದ ತಲೆಬರಹ ಮಾತ್ರ 'ಸ್ಟಾರ್‌ಗೆ ಜಾಮೀನಿಲ್ಲ'.

ಸೆಕ್ಷನ್ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. 1988ರ ಡಿಸೆಂಬರ್ 27ರಂದು ಪಟಿಯಾಲದ ರಸ್ತೆಯಲ್ಲಿ ವಾಹನದ ವಿಷಯಕ್ಕೆ ಜಗಳ. ಪೆಟ್ಟು ತಿಂದ 65ರ ಹಿರಿಯರು ತೀರಿಕೊಂಡರು. ಸಾವು ತಲೆಯೊಳಗಿನ ರಕ್ತಸ್ರಾವದಿಂದಲೋ ಹೃದಯದ ಕಾಯಿಲೆಯಿಂದಲೋ ಎಂಬ ವೈದ್ಯಕೀಯ ಪ್ರಶ್ನೆಯ ಮೇಲೇ ಪ್ರತಿವಾದ ನಿಂತಿತು. 1999ರಲ್ಲಿ ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು. 2006ರಲ್ಲಿ ಹೈಕೋರ್ಟ್ ಕೊಲೆಯಲ್ಲದ ನರಹತ್ಯೆ ಎಂದು ಮೂರು ವರ್ಷ ವಿಧಿಸಿತು. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಾವಿನ ಕಾರಣದ ಬಗ್ಗೆ ವೈದ್ಯಕೀಯ ಸಾಕ್ಷ್ಯ ಅನಿಶ್ಚಿತ ಎಂದು 323ಕ್ಕೆ ಇಳಿಸಿ 1,000 ರೂಪಾಯಿ ದಂಡ ಹಾಕಿತು. ನಾಲ್ಕು ವರ್ಷದ ನಂತರ, 2022ರ ಮೇ 19ರಂದು, ಮರುಪರಿಶೀಲನೆಯಲ್ಲಿ ಅದೇ ಕೋರ್ಟ್ ಒಂದು ವರ್ಷದ ಕಠಿಣ ಸಜೆ ಕೊಟ್ಟಿತು. ಎರಡೂ ಸಲ ಸೆಕ್ಷನ್ ಒಂದೇ. 1,000 ರೂಪಾಯಿ ಆ ಸೆಕ್ಷನ್ನಿನ ಗರಿಷ್ಠ ದಂಡ, ಒಂದು ವರ್ಷ ಗರಿಷ್ಠ ಸಜೆ. ಕಟ್ಟುಮಸ್ತಾದ ಕ್ರೀಡಾಪಟುವಿನ ಕೈಯೇ ಆಯುಧವಾಗಬಲ್ಲದು ಎಂಬ ಮಾತು ತೀರ್ಪಿನಲ್ಲಿದೆ. ಖ್ಯಾತಿ ತಂದುಕೊಟ್ಟ ಅದೇ ಮೈಕಟ್ಟು ಶಿಕ್ಷೆ ನಿಗದಿಯ ವೇಳೆ ತಿರುಗಿಬಿತ್ತು. ಶಿಕ್ಷೆಯ ಪ್ರಮಾಣದ ಮೇಲಿನ ವಾದವನ್ನು ಕೊನೆಯ ಐದು ನಿಮಿಷಕ್ಕೆ ಬಿಡುವ ವಕೀಲರು ಈ ತೀರ್ಪನ್ನೊಮ್ಮೆ ಓದಬೇಕು.

ಆತ್ಮರಕ್ಷಣೆಯ ವಾದ ಬೇರೆಯೇ ಹಾದಿ. 2017ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್‌ನ ನೈಟ್‌ಕ್ಲಬ್ ಹೊರಗೆ ನಡೆದ ಹೊಡೆದಾಟದಲ್ಲಿ ಇಂಗ್ಲೆಂಡಿನ ಕ್ರಿಕೆಟಿಗ ಬೆನ್ ಸ್ಟೋಕ್ಸ್ ಮೇಲೆ ಹೊರಿಸಿದ್ದು 'ಅಫ್ರೇ', ಅಂದರೆ ಸಾರ್ವಜನಿಕರಲ್ಲಿ ಭಯ ಹುಟ್ಟಿಸುವ ಹಿಂಸೆ. ವಿಚಾರಣೆ ಆರಂಭವಾಗುವ ದಿನ ಪ್ರಾಸಿಕ್ಯೂಷನ್ ಹಲ್ಲೆಯ ಎರಡು ಆರೋಪ ಸೇರಿಸಲು ಹೋಯಿತು, ನ್ಯಾಯಾಧೀಶರು ಒಪ್ಪಲಿಲ್ಲ. ಇಬ್ಬರು ಸಲಿಂಗಿಗಳನ್ನು ಹೀಯಾಳಿಸುವುದು ಕೇಳಿ ನಡುವೆ ಹೋದೆ, ಆಮೇಲೆ ಹೊಡೆದದ್ದು ರಕ್ಷಣೆಗಾಗಿ ಎಂದು ಸ್ಟೋಕ್ಸ್ ಹೇಳಿದರು. 2018ರ ಆಗಸ್ಟ್ 14ರಂದು ಜ್ಯೂರಿ ಖುಲಾಸೆಗೊಳಿಸಿತು. ಅಲ್ಲಿ ಆತ್ಮರಕ್ಷಣೆಯ ಮಾತು ಒಮ್ಮೆ ಬಂದರೆ ಅದು ಸುಳ್ಳೆಂದು ತೋರಿಸುವ ಹೊರೆ ಪ್ರಾಸಿಕ್ಯೂಷನ್ ಮೇಲೆ. ನಮ್ಮಲ್ಲಿ ತಿರುವುಮುರುವು: ಭಾರತೀಯ ಸಾಕ್ಷ್ಯ ಅಧಿನಿಯಮದ 108ರಂತೆ ರುಜುವಾತು ಆರೋಪಿಯ ಹೆಗಲಿಗೆ. ಸಂಶಯಾತೀತವಾಗಿ ಬೇಕಿಲ್ಲ, ಹೀಗಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿದರೆ ಸಾಕು. ಬೇರೆಯವರ ದೇಹರಕ್ಷಣೆಗೂ ನಮ್ಮ ಕಾನೂನಿನಲ್ಲಿ ಹಕ್ಕಿದೆ, ಆದರೆ ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟಿಗೆ ಇಲ್ಲ. ಎದುರಾಳಿ ಹಿಂದೆ ಸರಿಯುತ್ತಿರುವಾಗ ಬಿದ್ದ ಕೊನೆಯ ಪೆಟ್ಟು ಸಿಸಿಟಿವಿಯಲ್ಲಿದ್ದರೆ ಮೊದಲ ನಾಲ್ಕಕ್ಕೆ ಕೊಟ್ಟ ವಿವರಣೆಯೂ ಸಡಿಲವಾಗುತ್ತದೆ.

ಆ ಸಿಸಿಟಿವಿಯೂ ಕಾಯುತ್ತ ಕೂರುವುದಿಲ್ಲ. ಪಬ್ ಹೋಟೆಲುಗಳಲ್ಲಿ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಹಳೆಯದರ ಮೇಲೆ ತಾನಾಗಿಯೇ ಹೊಸದನ್ನು ಬರೆದುಕೊಳ್ಳುತ್ತದೆ, ಎಷ್ಟೋ ಕಡೆ ಎರಡು ವಾರ, ತಿಂಗಳೊಳಗೆ. ದೃಶ್ಯ ಕಾಯ್ದಿಡಿ ಎಂದು ಮಾಲೀಕರಿಗೆ ವಕೀಲರ ನೋಟಿಸ್ ಮೊದಲ ವಾರದಲ್ಲೇ ಹೋಗಬೇಕು. ಮ್ಯಾನೇಜರ್ ಡಿವಿಆರ್ ಅನ್ನೇ ಬಿಚ್ಚಿ ತಂದುಕೊಟ್ಟರೆ ಸಾಕ್ಷ್ಯನಾಶದ ಆರೋಪ ಜೊತೆಗೂಡುತ್ತದೆ. ಕೋರ್ಟಿನಲ್ಲಿ ಪ್ರತಿ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು; ಒಂದು ಭಾಗ ಉಪಕರಣ ನೋಡಿಕೊಳ್ಳುವವರದು, ಇನ್ನೊಂದು ಪರಿಣತರದು, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಸಮೇತ. ವಾಟ್ಸಾಪ್‌ನಲ್ಲಿ ಓಡಾಡಿದ ತುಣುಕಿಗೆ ಇದನ್ನು ಒದಗಿಸುವುದು ಬಲು ಕಷ್ಟ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಮೈಕಿನ ಮುಂದೆ 'ಕೋಪದಲ್ಲಿ ಒಂದೇಟು ಹಾಕಿದೆ' ಎಂದರೆ ಬಳಸಬಹುದು. ಅಭಿಮಾನಿಗಳ ಪೋಸ್ಟುಗಳೂ ಅಪಾಯಕಾರಿಯೇ, ಸಾಕ್ಷಿಗೆ ಬೆದರಿಕೆ ಹೋದರೆ ಪೆಟ್ಟು ಬೀಳುವುದು ಜಾಮೀನಿಗೆ. ಕೊಲೆ ಆರೋಪದ ಪ್ರಕರಣದಲ್ಲಿ ನಟ ದರ್ಶನ್‌ಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ, ಜನಪ್ರಿಯತೆ ರಿಯಾಯಿತಿಗೆ ಆಧಾರವಲ್ಲ ಎಂಬುದು ಸ್ಪಷ್ಟವಾಯಿತು.

ರಾಜಿಯಾದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. 115(2)ರಲ್ಲಿ ಗಾಯಾಳು ಒಪ್ಪಿದರೆ ಮುಗಿಯುತ್ತದೆ, 117(2)ಕ್ಕೆ ಕೋರ್ಟಿನ ಅನುಮತಿ ಬೇಕು. 118(1) ರಾಜಿಯಾಗದ ಅಪರಾಧ. ಅದಕ್ಕೆ ಹೈಕೋರ್ಟಿಗೆ ನಾಗರಿಕ ಸುರಕ್ಷಾ ಸಂಹಿತೆಯ 528ರಡಿ ಅರ್ಜಿ ಹಾಕಿ, ಗಾಯಾಳುವಿನ ಅಫಿಡವಿಟ್ ಸಲ್ಲಿಸಿ ಪ್ರಕರಣದ ರದ್ದತಿ ಕೇಳಬೇಕು.

ಖುಲಾಸೆಯಾದರೂ ಒಪ್ಪಂದಗಳು ಬೇರೆ ಲೆಕ್ಕ. ಜ್ಯೂರಿ ಬಿಟ್ಟ ಮೇಲೂ ಇಂಗ್ಲೆಂಡಿನ ಕ್ರಿಕೆಟ್ ಶಿಸ್ತು ಆಯೋಗ ಸ್ಟೋಕ್ಸ್‌ಗೆ 30,000 ಪೌಂಡ್ ದಂಡ, ಎಂಟು ಪಂದ್ಯದ ನಿಷೇಧ ಹಾಕಿತು. ಜಾಹೀರಾತು ಒಪ್ಪಂದಗಳಲ್ಲಿ ನಡತೆಯ ಷರತ್ತು ಜಾರಿಯಾಗುವುದು ಎಫ್‌ಐಆರ್‌ಗೋ, ಆರೋಪಪಟ್ಟಿಗೋ, ಶಿಕ್ಷೆಗೋ ಎಂದು ಮೊದಲ ಹೇಳಿಕೆ ಕೊಡುವ ಮುನ್ನವೇ ನೋಡಿಕೊಳ್ಳಬೇಕು. ಎಷ್ಟೋ ಕರಾರುಗಳಲ್ಲಿ 'ಕ್ಷಮೆ ಕೇಳುತ್ತೇನೆ' ಎಂಬ ಒಂದು ಸಾಲೇ ಅದಕ್ಕೆ ಸಾಕು.