ಹೋಲೋಟೈಪ್ ಅಂದರೆ ‘ಅತ್ಯುತ್ತಮ ಮಾದರಿ’ ಅಲ್ಲ

ಹೊಸ ಜೇಡವೋ ಹೊಸ ನೊಣವೋ ಸಿಕ್ಕ ಸುದ್ದಿಯಲ್ಲಿ ‘ಹೋಲೋಟೈಪ್’ ಎಂಬ ಪದ ಆಗಾಗ ತಪ್ಪಾಗಿ ಬರುತ್ತದೆ. ಒಬ್ಬರು ‘ಆ ಪ್ರಭೇದದ ಅತ್ಯುತ್ತಮ ಮಾದರಿ’ ಎನ್ನುತ್ತಾರೆ. ಇನ್ನೊಬ್ಬರು ‘ಮೊದಲು ಕಣ್ಣಿಗೆ ಬಿದ್ದದ್ದು’ ಎನ್ನುತ್ತಾರೆ. ಎರಡೂ ಅಲ್ಲ.

ಹೊಸ ಹೆಸರಿಡುವಾಗ ‘ಈ ಹೆಸರು ಇದರದ್ದು’ ಎಂದು ಲೇಖಕರು ಗೊತ್ತುಮಾಡುವ ಒಂದೇ ಒಂದು ಜೀವಿ ಹೋಲೋಟೈಪ್. ಜೊತೆಗೆ ನೋಡಿದ ಉಳಿದವನ್ನು ಪ್ಯಾರಾಟೈಪ್ ಎನ್ನುತ್ತಾರೆ. ಹೋಲೋಟೈಪಿನ ಎರಡು ಕಾಲು ಉದುರಿರಬಹುದು, ಆಲ್ಕೋಹಾಲಿನಲ್ಲಿ ಕೂತು ಬಣ್ಣವೆಲ್ಲ ಹೋಗಿರಬಹುದು. ಅದರಿಂದ ಅದರ ಸ್ಥಾನಕ್ಕೇನೂ ಕುಂದಿಲ್ಲ.

ಗೊಂದಲವೆಲ್ಲ ‘ಟೈಪ್’ನಿಂದ ಬಂದದ್ದು. ಗ್ರೀಕಿನಲ್ಲಿ ‘ಟುಪೋಸ್’ ಎಂದರೆ ಹೊಡೆತದ ಗುರುತು, ಅಚ್ಚು. ‘ಹೋಲೋಸ್’ ಎಂದರೆ ಇಡೀ. ಆ ಅಚ್ಚಿನ ಅರ್ಥ ಟೈಪ್‌ರೈಟರಿನಲ್ಲಿ ಇನ್ನೂ ಉಳಿದಿದೆ. ಮುಂದೆ ಅದೇ ಪದಕ್ಕೆ ‘ಬಗೆ’ ಎನ್ನುವ ಅರ್ಥವೂ ಬಂತು. ನಮ್ಮವರು ಅದನ್ನೇ ಹಿಡಿದುಕೊಂಡು ‘ಮಾದರಿ’ ಎಂದರು. ಮಾದರಿ ಎಂದ ಮೇಲೆ ‘ಮಾದರಿ ಶಾಲೆ’ಯ ಹಾಗೆ ಚೆನ್ನಾಗಿರಲೇಬೇಕು ಎಂದು ಓದುವವರಿಗೆ ಅನಿಸುತ್ತದೆ, ಅಲ್ವಾ? ಆದರೆ ಹೋಲೋಟೈಪಿನದು ಹೊಲದ ಸರ್ವೆ ಕಲ್ಲಿನ ಕೆಲಸ. ಕಲ್ಲು ಚೆಂದವಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ, ಅಳತೆ ಅಲ್ಲಿಂದಲೇ. ಒಂದೇ ಹೆಸರಿನಲ್ಲಿ ಎರಡು ಪ್ರಭೇದ ಬೆರೆತಿವೆ ಎಂದು ಮುಂದೆ ತಿಳಿದರೆ, ಹೋಲೋಟೈಪ್ ಯಾವುದಕ್ಕೆ ಸೇರುತ್ತದೋ ಹಳೆಯ ಹೆಸರು ಅದಕ್ಕೇ. ಇನ್ನೊಂದಕ್ಕೆ ಬೇರೆ ಹೆಸರು ಹುಡುಕಬೇಕು.

ಹೋಲೋಟೈಪ್ ಸಿಕ್ಕ ಜಾಗವನ್ನೂ ಜನ ಹೀಗೇ ತಪ್ಪು ತಿಳಿಯುತ್ತಾರೆ. ಪೊಯಿಸಿಲೊಥೀರಿಯಾ ಮೆಟಾಲಿಕಾ ಎಂಬ ನೀಲಿ ಟರಾಂಟುಲಾಕ್ಕೆ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಹೆಸರಿಟ್ಟದ್ದು 1899ರಲ್ಲಿ, ಆಂಧ್ರದ ಗುತ್ತಿಯಲ್ಲಿ ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ ಸಿಕ್ಕ ಒಂದೇ ಜೇಡ ನೋಡಿ. ಇವತ್ತಿಗೂ ಅದು ‘ಗುತ್ತಿ ಟರಾಂಟುಲಾ’. ಆದರೆ 2001ರಲ್ಲಿ ಮತ್ತೆ ಕಂಡದ್ದು ಸುಮಾರು 100 ಕಿ.ಮೀ. ದೂರದ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ. ದಿಮ್ಮಿಗಳ ಜೊತೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಎನ್ನುವುದು ಬಲ್ಲವರ ಊಹೆ. ಹೋಲೋಟೈಪ್ ಸಿಕ್ಕ ಊರೇ ಪ್ರಭೇದದ ಮನೆ ಎಂದು ಸುಮ್ನೆ ಬರೆಯುವವರು ಈ ಜೇಡವನ್ನು ನೆನಪಿಡಬೇಕು.

‘ಫೋಟೋ ಹೋಲೋಟೈಪ್’ ಎಂಬ ಮಾತೂ ಈಗ ಜಾಸ್ತಿಯಾಗಿದೆ. 2015ರಲ್ಲಿ ದಕ್ಷಿಣ ಆಫ್ರಿಕಾದ ಒಂದು ನೊಣಕ್ಕೆ, ಸಂಗ್ರಹದಲ್ಲಿ ಒಂದೂ ಇಲ್ಲದೆ, ಫೋಟೋ ನೋಡಿಯೇ ಹೆಸರಿಟ್ಟರು. ದೊಡ್ಡ ಜಗಳವಾಯಿತು. ಅಲ್ಲೂ ಹೋಲೋಟೈಪ್ ಎಂದರೆ ಫೋಟೋದಲ್ಲಿರುವ ನೊಣ, ಫೋಟೋ ಅಲ್ಲ. ಪ್ರಾಣಿಗಳಿಗೆ ಹೆಸರಿಡುವ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ, ಆದರೂ ಇದು ರೂಢಿಯಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟೋ ಜೇಡಗಳನ್ನು ಬೇರೆ ಮಾಡುವುದೇ ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನು, ಗಂಡಿನ ಬಾಯಿಯ ಪಕ್ಕದ ಪಾಲ್ಪ್ ಎಂಬ ಪುಟ್ಟ ಕಾಲಿನಂಥ ಅಂಗದ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ. ಫೋಟೋವನ್ನು ಎಷ್ಟು ದೊಡ್ಡದು ಮಾಡಿದರೂ ಅದು ಕಾಣುವುದಿಲ್ಲ.